ಕಂಬಳಿ ಹೊದ್ದ ದೀಪ

ಕರಿಬಸಮ್ಮ ಯಾರಪ್ಪನಿಗೂ ಹೆದರುವವಳಲ್ಲ ಎಂದು ಯಗಟಿ ಊರಿನವರು ಹೇಳುತ್ತಿದ್ದರು. ಅವರಿಗೇನು ಗೊತ್ತು! ಅರವತ್ತೆರಡರ ಚೀನಾ ಯುದ್ಧದಲ್ಲಿ ಮಗ ಚಂದ್ರಶೇಖರ ಹಿಮದ ಗಡಿಗೆ ಹೋದ ಮೇಲೆ, ಅಂಚೆಯವನ ಸೈಕಲ್ ಕಂಡರೂ ಅವಳ ಎದೆ ಡವಡವ ಎನ್ನುತ್ತಿತ್ತು.

ಬೀರೂರಿನ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ತಮ್ಮ ಈರಭದ್ರಪ್ಪ, ಅಕ್ಕನ ಸಂಕಟ ನೋಡಲಾರದೆ ಒಂದು ವಿಚಿತ್ರ ದೀಪ ತಂದುಕೊಟ್ಟ. ಸೀಮೆಎಣ್ಣೆ ದೀಪವೇ, ಆದರೆ ಗಾಜಿನ ಮೇಲೆ ಸುತ್ತಲೂ ತಗಡಿನ ರೆಕ್ಕೆಗಳು. ರೆಕ್ಕೆಗಳ ಬುಡದಲ್ಲಿ ಸೀಸ, ಗಂಧಕ ಬೆರೆಸಿ ಸುಟ್ಟ ಕಪ್ಪು ಬಿಲ್ಲೆಗಳು. ಕರೆಂಟೇ ಇಲ್ಲದ ಮನೆಯಲ್ಲಿ ಆ ಬಿಲ್ಲೆಗಳು ಕರೆಂಟು ಹುಟ್ಟಿಸಿ ರೇಡಿಯೋ ನುಡಿಸುತ್ತಿದ್ದವು.

"ಬಿಸಿನೇ ಕಣಕ್ಕಾ ಇದರ ಜೀವ," ಎಂದಿದ್ದ. ಇನ್ನೂ ಏನೇನೋ ಹೇಳಿದ್ದ. ಅವಳ ತಲೆಯಲ್ಲಿ ಉಳಿದದ್ದು ಅಷ್ಟೇ.

ಕಾರ್ತಿಕದ ಒಂದು ಸಂಜೆ ವಾರ್ತೆ ಶುರುವಾಯಿತು. ಮಗನಿದ್ದ ಕಡೆಯೇ ಕಾಳಗ. ಹೊರಗೆ ಚಳಿಗಾಳಿ. ದೀಪ ತಣ್ಣಗಾಗಿ ದನಿ ಇಂಗಿಬಿಟ್ಟರೆ ಎಂದು ದಿಗಿಲಾಗಿ, ಕರಿಬಸಮ್ಮ ಕದವಿಕ್ಕಿ, ಮಗ ಬಿಟ್ಟುಹೋಗಿದ್ದ ಕಂಬಳಿಯನ್ನು ರೆಕ್ಕೆಗಳಿಗೆ ಸುತ್ತಿದಳು. ಕುರಿ ಸಾಕುವ ಮನೆಯವಳು. ಎಳೆಮರಿಯಿಂದ ಬಾಣಂತಿಯವರೆಗೆ ಬೆಚ್ಚಗಿಡುವುದೊಂದೇ ಅವಳು ಬಲ್ಲ ಮದ್ದು.

ದನಿ ಸಣ್ಣಗಾಯಿತು. "ಹಿಂದಿರುಗಲಾಗದೆ ಉಳಿದ ಯೋಧರು..." ಎನ್ನುತ್ತಲೇ ನಿಂತುಹೋಯಿತು. ದೀಪವೇನೋ ಉರಿಯುತ್ತಲೇ ಇತ್ತು.

"ನನ್ ಕಂದನ್ನ ಕರ್ಕೊಂಬಿಟ್ಯೇನೋ ಶಿವನೇ!" ಎನ್ನುತ್ತ ಕರಿಬಸಮ್ಮ ಕಂಬಳಿಯನ್ನು ಇನ್ನಷ್ಟು ಬಿಗಿದಳು.

ಅದೇ ಹೊತ್ತಿಗೆ ಸಂಜೆ ಬಸ್ಸಿಗೆ ಬಂದ ಈರಭದ್ರಪ್ಪ ನೋಡಿದವನೇ ಕಂಬಳಿ ಕಿತ್ತೆಸೆದ. "ಏನಕ್ಕಾ ಇದು! ಒಳಗೆ ಬಿಸಿ ಇದ್ರೆ ಸಾಲ್ದು, ಹೊರಗೆ ಚಳಿನೂ ಇರ್ಬೇಕು. ಎರಡು ಕಡೆನೂ ಬೆಚ್ಚಗಾದ್ರೆ ಬಿಲ್ಲೆ ಕೆಲ್ಸ ಮಾಡಲ್ಲ ಕಣಕ್ಕಾ," ಎಂದು ಕದ ತೆರೆದ. ತುಸು ಹೊತ್ತಿಗೆ ದನಿ ಮರಳಿತು. ಅಷ್ಟರಲ್ಲಿ ವಾರ್ತೆ ಮುಗಿದು ಯಾರೋ ಪುಣ್ಯಾತ್ಮರು ವೀಣೆ ನುಡಿಸುತ್ತಿದ್ದರು.

ಆ ಚಳಿಗಾಲವಿಡೀ ಅವಳು ಕದ ಹಾಕಲಿಲ್ಲ. ಮಗನ ಸುದ್ದಿಯೂ ಬರಲಿಲ್ಲ. ತಾನೂ ಏನೂ ಹೊದೆಯದೆ, ಹಲ್ಲು ಕಟಕಟಿಸುತ್ತ ದೀಪದ ಮುಂದೆ ಕೂರುತ್ತಿದ್ದಳು. ಈ ಚಳಿ ನಿಂತರೆ ದನಿ ನಿಲ್ಲುತ್ತದೆ, ದನಿ ನಿಂತರೆ ಮಗ ಇಲ್ಲ ಎಂಬ ಭಯ ಅವಳನ್ನು ಹಿಡಿದುಬಿಟ್ಟಿತ್ತು. ಊರವರು ತಲೆ ಕೆಟ್ಟಿದೆ ಎಂದರು.

ಸಂಕ್ರಾಂತಿ ಕಳೆದ ಒಂದು ಸಂಜೆ, ಆ ತೆರೆದ ಬಾಗಿಲಲ್ಲಿ ಕೋಲೂರಿಕೊಂಡು ಚಂದ್ರಶೇಖರ ಬಂದು ನಿಂತ.

"ಕದ ಹಾಕವ್ವಾ, ಚಳಿ," ಎಂದ.

ಕರಿಬಸಮ್ಮ ಕದವಿಕ್ಕಿದಳು. ಅದೇ ಕಂಬಳಿ ತಂದು ಮಗನ ಕಾಲಿಗೆ ಹೊದಿಸಲು ಬಗ್ಗಿದಳು. ಹಿಮ ತಿಂದ ಎಡಗಾಲಲ್ಲಿ ಒಂದು ಬೆರಳೂ ಇರಲಿಲ್ಲ.