ಖಾಲಿ ಹಾಳೆ ಕೊಟ್ಟವಳು

ಕೂಕಲ್ತೊರೈಯ ಶಾಲೆಯಿಂದ ಹೊರಟು ಬಸ್ಸಿಗೆ ಕಾಯುತ್ತಿದ್ದೆ. ಟೀ ತೋಟದ ಕಾಲುದಾರಿಯಲ್ಲಿ ಹುಡುಗಿಯೊಬ್ಬಳು ಓಡಿ ಬಂದು, ಏದುಸಿರಿನಲ್ಲೇ ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂದು ಒಂದೊಂದಾಗಿ ಹೇಳತೊಡಗಿದಳು. ತರಗತಿಯಲ್ಲಿ ನಾನು ಕೊಟ್ಟಿದ್ದ ಹನ್ನೆರಡು ಪ್ರಶ್ನೆಗಳಿಗೂ ಸರಿಯುತ್ತರ. ಅರ್ಧ ಗಂಟೆಯ ಹಿಂದೆ ಇದೇ ಹುಡುಗಿ ಖಾಲಿ ಹಾಳೆ ಕೊಟ್ಟಿದ್ದನ್ನು ನಾನೇ ನೋಡಿದ್ದೆ.

ಅದು ಎರಡು ಸಾವಿರದ ಇಸವಿಯ ಆಸುಪಾಸು. ನೀಲಗಿರಿಯ ಶಾಲೆಗಳಲ್ಲೆಲ್ಲ ನಡೆದಿದ್ದ ಏಡ್ಸ್ ತಡೆ ಪಾಠಗಳಿಂದ ಮಕ್ಕಳಿಗೆ ಎಷ್ಟು ತಿಳಿಯಿತು ಎಂದು ಅಳೆಯುವುದು ನನ್ನ ಕೆಲಸವಾಗಿತ್ತು.

“ಇಷ್ಟೆಲ್ಲ ಗೊತ್ತಿದ್ದೂ ಯಾಕಮ್ಮ ಬರೆಯಲಿಲ್ಲ?” ಎಂದೆ.

“ಹಾಳೆ ಇಸ್ಕೊಂಡ ಮಾಸ್ಟರ್ ಎನ್ನ ಮಾಮ, ಅಕ್ಕಾ. ಒಂದೊಂದೂ ಓದಿ ನೋಡಿ ಇಟ್ಕೊಂಡ್ರು. ಇವಳು ಇಂಥದ್ದನ್ನೆಲ್ಲ ಕಲಿತಿದ್ದಾಳೆ ಅಂತ ಸಾಯಂಕಾಲದೊಳಗೆ ಹಟ್ಟಿಗೆಲ್ಲ ಗೊತ್ತಾಗ್ತದೆ. ಎನಗ ಎಲ್ಲಾ ಗೊತ್ತು. ಫೇಲ್ ಮಾತ್ರ ಹಾಕಬೇಡಿ.”

ಅಷ್ಟು ಹೇಳಿ, ಯಾರಾದರೂ ನೋಡಿಯಾರೆಂದು ಬಂದ ದಾರಿಯಲ್ಲೇ ಓಡಿಬಿಟ್ಟಳು.

ಹಾಳೆ ಹಂಚಿ ಸಂಗ್ರಹಿಸಿಕೊಡಿ ಎಂದು ಆ ಮೇಷ್ಟ್ರನ್ನು ಕೇಳಿಕೊಂಡವಳು ನಾನೇ, ನನ್ನ ಕೆಲಸ ಬೇಗ ಮುಗಿಯಲೆಂದು. ಬಸ್ಸಿನಲ್ಲಿ ಕೂತು, ‘ತಿಳಿವಳಿಕೆ ತಲುಪಿಲ್ಲ’ ಎಂದು ಬೇರೆಯಾಗಿ ಕಟ್ಟಿಟ್ಟಿದ್ದ ಖಾಲಿ ಹಾಳೆಗಳನ್ನು ಬಿಚ್ಚಿದೆ. ಹೆಸರು ಬರೆಯಬೇಡಿ ಎಂದು ನಾವೇ ಹೇಳಿದ್ದೆವು. ಪ್ರತಿಯೊಂದರಲ್ಲೂ ತುಂಬಿದ್ದು ಗಂಡೋ ಹೆಣ್ಣೋ ಎಂದು ಕೇಳುವ ಮೊದಲ ಸಾಲೊಂದೇ: ಹೆಣ್ಣು.