ಅತ್ತಿಗೆ ಬಿಚ್ಚಿದ ಸ್ಟಿಯರಿಂಗ್

ನಮ್ಮ ಅತ್ತಿಗೆ ದರ್ಜಿ. ಕಾರು ಓಡಿಸಲು ಬರುವುದಿಲ್ಲ, ಆದರೆ ಕಂಡದ್ದನ್ನೆಲ್ಲ ಬಿಚ್ಚಿ ನೋಡದಿದ್ದರೆ ತಿಂದದ್ದು ಅರಗುವುದಿಲ್ಲ. ಮಿಕ್ಸಿ, ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ ಎಲ್ಲವೂ ಅವರ ಕೈಗೆ ಸಿಕ್ಕಿ ಬದುಕಿ ಬಂದಿವೆ. ನನ್ನ ರೇಡಿಯೊ ಒಂದು ಬಿಟ್ಟು.

ಅಣ್ಣ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಆರು ತಿಂಗಳ ಹಿಂದೆ ಕಾರಿನ ಸ್ಟಿಯರಿಂಗ್ ಅವನ ಕೈಯಲ್ಲಿ ನಡುಗತೊಡಗಿತು. ಮಹಾರಾಯನಿಗೆ ಕಾರಿನ ಮೇಲೆ ಅನುಮಾನವೇ ಬರಲಿಲ್ಲ. ನಮ್ಮಪ್ಪನಿಗೆ ಇದೇ ವಯಸ್ಸಿಗೆ ಕೈನಡುಕ ಶುರುವಾಗಿತ್ತು. ಈಗ ತನ್ನ ಸರದಿ ಎಂದುಕೊಂಡ. ಕೀಲಿಯನ್ನು ಮೊಳೆಗೆ ನೇತುಹಾಕಿ ಕೂತುಬಿಟ್ಟ. ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದ. ಡಾಕ್ಟರ ಹತ್ತಿರ ಹೋಗು ಎಂದರೆ, "ಹೋಗಿ ಏನು ಕೇಳಿಸ್ಕೊಂಡು ಬರ್ಲಿ?" ಅನ್ನುತ್ತಿದ್ದ.

"ಕೈಯೋ ಕಾರೋ, ಮೊದಲು ಗೊತ್ತಾಗ್ಲಿ," ಎಂದು ಅತ್ತಿಗೆ ಒಂದು ಭಾನುವಾರ ತೋಳೇರಿಸಿ ಕೆಲಸಕ್ಕಿಳಿದರು. ಜಾಕ್ ಹಾಕಿ ಕಾರಿನ ಮುಂಭಾಗ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟೆವು. ಬಲಗಡೆಯ ಚಕ್ರ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎಂದಿತು. ಸ್ಟಿಯರಿಂಗಿನ ಕಂಬಿ ಚಕ್ರಕ್ಕೆ ಸೇರುವಲ್ಲಿರುವ ಕೀಲು, ಅಂದರೆ ಟೈ ರಾಡ್ ಎಂಡ್, ಸವೆದು ಸಡಿಲವಾಗಿತ್ತು.

"ಹಾಗಾದ್ರೆ ಅಣ್ಣನ ಕೈ ಸರಿಯಿದೆ!" ಎಂದೆ.

"ಎರಡೂ ಕೆಟ್ಟಿರಬಹುದಲ್ಲಪ್ಪ," ಎಂದರು ಅತ್ತಿಗೆ.

ಹಳೆಯದನ್ನು ಬಿಚ್ಚುವಾಗ ಸುತ್ತು ಎಣಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹದಿನೆಂಟು ಎಂದು ಬರೆದರು. ಅಂಗಡಿಯಿಂದ ತಂದ ಹೊಸದನ್ನೂ ಅಷ್ಟೇ ಸುತ್ತು ಒಳಗೆ ತಿರುಗಿಸಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ.

ಕೆಲಸ ಮುಗಿದ ಮೇಲೆ ನಾನು ಬೀದಿಯ ತುದಿವರೆಗೆ ಓಡಿಸಿ ಬಂದು, "ಬೆಣ್ಣೆ ಹಂಗಿದೆ," ಎಂದೆ. ಅಣ್ಣ ಬಾಗಿಲಲ್ಲೇ ನಿಂತಿದ್ದ. ಅತ್ತಿಗೆ ಕೀಲಿಯನ್ನು ಅವನ ಅಂಗೈಗಿಟ್ಟು, "ನೀವು ಓಡಿಸೋವರೆಗೂ ನಾನು ಒಲೆ ಹಚ್ಚಲ್ಲ," ಎಂದರು.

ಅವನು ಬಿಳಿಚಿದ ಮುಖದಲ್ಲೇ ಕೂತ. ನಾವಿಬ್ಬರೂ ಹಿಂದೆ ಕೂತೆವು. ನೂರು ಗಜ ಹೋಗಿರಲಿಲ್ಲ, ಬ್ರೇಕ್ ಹಾಕಿದ.

"ನಡುಗ್ತಿದೆಯಾ?" ಅತ್ತಿಗೆಯ ದನಿ ಇಳಿದಿತ್ತು.

"ನಡುಗ್ತಿಲ್ಲ. ಆದ್ರೆ ಕಾರು ನೇರ ಹೋಗ್ತಿದ್ರೂ ಸ್ಟಿಯರಿಂಗ್ ಒಂಚೂರು ಓರೆ ನಿಂತಿದೆ. ಬಲಗಡೇದು ಪೂರ್ತಿ ಒಳಗೆ ಹೋಗಿಲ್ಲ. ಎಷ್ಟು ಸುತ್ತು ಹಾಕಿದೆ?"

ಅತ್ತಿಗೆ ತಲೆ ತಗ್ಗಿಸಿದರು. "ಹದಿನೇಳು. ಒಂದು ಸುತ್ತು ಬೇಕಂತ್ಲೇ ಬಿಟ್ಟೆ. ಬಟ್ಟೆ ಹೊಲಿಯುವಾಗ ಬಿಡಲ್ವಾ? ಸ್ವಲ್ಪ ಉದ್ದ ಇದ್ರೆ ಆಮೇಲೆ ಹಿಡೀಬಹುದು ಅಂತ..."

ಒಂದೇ ಒಂದು ಸುತ್ತು. ನನ್ನ ಕೈಗೆ ಅದು ಗೊತ್ತೇ ಆಗಿರಲಿಲ್ಲ. ಅಣ್ಣ ಸ್ಟಿಯರಿಂಗ್ ಬಿಟ್ಟು ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಅವು ಅಲುಗಲಿಲ್ಲ.

ಅತ್ತಿಗೆ ಹಿಂದಿನಿಂದಲೇ ಅವನ ಭುಜಕ್ಕೆ ಒಂದು ಗುದ್ದಿ ಅತ್ತುಬಿಟ್ಟರು. "ಆರು ತಿಂಗಳು! ಆರು ತಿಂಗಳು ಸುಮ್ಸುಮ್ನೆ ಸತ್ತಿರಲ್ಲ, ನಮ್ಮನ್ನೂ ಸಾಯಿಸಿದಿರಲ್ಲ!"