ಎಮ್ಮೆ ನಿಂತ ಜಾಗದ ಬಾಡಿಗೆ

ಸದಲಗಾಕ್ಕೆ ವರ್ಗವಾಗಿ ಬಂದಾಗ ನನಗೆ ಮನೆ ಸಿಕ್ಕಿತು, ಕಾರಿಗೆ ಜಾಗ ಸಿಗಲಿಲ್ಲ. ಎಮ್ಮೆ ಮಾರಿದ ಮೇಲೆ ಎದುರುಮನೆ ಗಂಗವ್ವನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಬಾಡಿಗೆ ಎಷ್ಟೆಂದು ಕೇಳಿದೆ.

"ಇಲ್ಲಿ ನಿಂತ ಎಮ್ಮಿ ಎರಡೂ ಹೊತ್ತು ಹಾಲು ಕೊಡತಿತ್ರಿ. ನಿಮ್ಮ ಗಾಡಿ ಏನ್ ಕೊಡತೈತಿ?" ಎಂದಳು.

ಹೊಗೆ ಕೊಡುತ್ತದೆ ಎನ್ನಲಾಗದೆ, ಹೆಂಗೋ ದಿನಕ್ಕೆ ಒಂದು ಹೊತ್ತಿನ ಹಾಲಿನ ರೊಕ್ಕಕ್ಕೆ ಒಪ್ಪಿಸಿದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. "ನಾ ರಜೆಗೆ ಗಾಡಿ ತಗೊಂಡು ಊರಿಗೆ ಹೋದಾಗಿನ ಬಾಡಿಗಿ ಬಿಡಬೇಕವ್ವಾ" ಅಂದೆ.

ಗಂಗವ್ವ ನಕ್ಕಳು. "ಎಮ್ಮಿ ಗಬ್ಬ ಇದ್ದಾಗ ಹಾಲು ಬತ್ತತೈತ್ರಿ ಸಾಹೇಬ್ರ. ಹಂಗಂತ ಮೇವು ಹಾಕೂದು ಬಿಡತೀವೇನು?"

ಈಗ ರಜೆಯಲ್ಲೂ ಪೂರ್ತಿ ಬಾಡಿಗೆ ಕೊಡುತ್ತೇನೆ. ಊರಿಂದ ವಾಪಸು ಬಂದಾಗಲೆಲ್ಲ ಗಂಗವ್ವ ಕಾರಿನ ಹಿಂದೆ ಇಣುಕಿ ಕೇಳುತ್ತಾಳೆ: "ಈದು ಬಂತಲ್ಲ, ಕರಾ ಎಲ್ಲೈತ್ರಿ?"